ದೋಟಿ ಈಗ ಯಾರ ಮನೆಯಲ್ಲಿದೆ?

ಮೇ ತಿಂಗಳ ಕೊನೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಅಡಿಕೆ ತೋಟದವರಿಗೆಲ್ಲ ಒಂದೇ ಸಾಮಾನು ಒಂದೇ ವಾರ ಬೇಕು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಒಂದು ಸುತ್ತು ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ಎರಡನೆಯದು 40-45 ದಿನ ಬಿಟ್ಟು, ಮಳೆ ಹೊಳವಾದಾಗ. ಮರ ಹತ್ತುವ ಕೊನೆಗಾರರು ಸಿಗುವುದು ಕಷ್ಟವಾದ ಮೇಲೆ ನೆಲದಲ್ಲೇ ನಿಂತು ಗೊನೆಗೆ ಔಷಧಿ ಹೊಡೆಯುವ ಉದ್ದದ ಫೈಬರ್ ದೋಟಿ ಬಂತು. ಒಬ್ಬೊಬ್ಬರೇ ಕೊಳ್ಳಲು ದುಬಾರಿ. ನಾಲ್ಕು ಮನೆ ಸೇರಿಯೋ ಸಂಘದಿಂದಲೋ ಒಂದನ್ನು ತಂದು ಸರದಿಯಲ್ಲಿ ಬಳಸುವುದು ಜಾಣತನ. ಆಮೇಲೆ ಫೋನು ಶುರುವಾಗುತ್ತದೆ.

“ಮಾರಾಯ್ರೆ, ಆ ಉದ್ದದ ದೋಟಿ ಈಗ ಯಾರ ಮನೇಲಿದೆ?”

“ಮೊನ್ನೆವರೆಗೆ ಗೌಡ್ರ ಮನೇಲಿತ್ತು. ಅಲ್ಲಿಂದ ಎಲ್ಲಿಗೆ ಹೋಯ್ತೋ ಗೊತ್ತಿಲ್ಲ.”

ಡೇಟಾಬೇಸ್ ಕಟ್ಟುವುದನ್ನು ಪ್ರೀತಿಸುವವರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದಿಲ್ಲ. ಸಂಘದ ಲೆಕ್ಕ ಬರೆಯುವವರು ಸಾಮಾನ್ಯವಾಗಿ ಎಕ್ಸೆಲ್‌ನಲ್ಲಿ ಒಂದು ಹಾಳೆ ತೆರೆದು ಸಾಮಾನಿನ ಹೆಸರು, ಕೊಂಡ ಬೆಲೆ, ‘ಈಗ ಯಾರ ಹತ್ತಿರ’ ಎಂದು ಮೂರು ಕಾಲಂ ಹಾಕುತ್ತಾರೆ. ತಪ್ಪಾಗುವುದು ಆ ಮೂರನೆಯ ಕಾಲಂನಲ್ಲಿ. ದೋಟಿ ಮನೆ ಬದಲಿಸಿದಾಗ ಹಳೆಯ ಹೆಸರು ಅಳಿಸಿ ಹೊಸದನ್ನು ಬರೆಯುತ್ತೇವೆ. ಅಳಿಸಿದ್ದು ಹೋಯಿತು. ನಾಜಲ್ ಮುರಿದದ್ದು ಯಾರಲ್ಲಿದ್ದಾಗ, ಕಳೆದ ವರ್ಷ ಯಾರಿಗೆ ಸರದಿ ಸಿಗಲೇ ಇಲ್ಲ ಎಂದು ಕೇಳಿದರೆ ಹಾಳೆಯಲ್ಲಿ ಉತ್ತರವಿಲ್ಲ. ಬೆಲೆ, ಉದ್ದ, ಕೊಂಡ ದಿನ ದೋಟಿಗೇ ಸೇರಿದ ಸಂಗತಿಗಳು. ಯಾರ ಮನೆಯಲ್ಲಿದೆ ಎಂಬುದು ಹಾಗಲ್ಲ. ಅದು ದೋಟಿಗೂ ಮನೆಗೂ ನಡುವೆ ಒಂದು ದಿನ ನಡೆದ ವ್ಯವಹಾರ. ವ್ಯವಹಾರಕ್ಕೆ ಬೇರೆಯೇ ಪಟ್ಟಿ ಬೇಕು.

ಆದ್ದರಿಂದ ನಾನಾದರೆ ಹೀಗೆ ಕಟ್ಟುತ್ತೇನೆ. ‘ಬಗೆ’ ಎಂಬ ಪಟ್ಟಿಯಲ್ಲಿ ದೋಟಿ, ಪವರ್ ಸ್ಪ್ರೇಯರ್, ಕಳೆ ಕೊಚ್ಚುವ ಯಂತ್ರ, ಅಡಿಕೆ ಸುಲಿಯುವ ಯಂತ್ರ. ‘ಉಪಕರಣ’ ಪಟ್ಟಿಯಲ್ಲಿ ಕಣ್ಣೆದುರಿಗಿರುವ ಒಂದೊಂದು ವಸ್ತುವಿಗೂ ಒಂದೊಂದು ಸಾಲು: ಅದರ ನಂಬರು, ಯಾವ ಬಗೆ, ಯಾವಾಗ ಕೊಂಡದ್ದು, ಎಷ್ಟಕ್ಕೆ. ಒಂದೇ ಕಂಪನಿಯ ಎರಡು ದೋಟಿ ಇದ್ದರೆ ಬಗೆ ಒಂದು, ಸಾಲು ಎರಡು. ‘ಮನೆ’ ಪಟ್ಟಿಯಲ್ಲಿ ಸದಸ್ಯರು. ‘ಎರವಲು’ ಪಟ್ಟಿಯ ಪ್ರತಿ ಸಾಲಿನಲ್ಲೂ ಉಪಕರಣದ ನಂಬರು, ಮನೆಯ ನಂಬರು, ಒಯ್ದ ದಿನ, ತಂದ ದಿನ. ತಂದ ದಿನ ಖಾಲಿ ಇದ್ದರೆ ಸಾಮಾನು ಇನ್ನೂ ಹೊರಗಿದೆ ಎಂದರ್ಥ. ದೋಟಿ ಯಾರಲ್ಲಿದೆ ಎಂಬ ಪ್ರಶ್ನೆಗೆ ಆ ಒಂದು ಖಾಲಿ ಜಾಗವೇ ಉತ್ತರ ಹೇಳುತ್ತದೆ. ‘ಈಗ ಯಾರ ಹತ್ತಿರ’ ಎಂದು ಎಲ್ಲಿಯೂ ಬೇರೆ ಬರೆದಿಡಬೇಕಾಗಿಲ್ಲ.

ನಂಬರು ಯಾಕೆ, ಹೆಸರೇ ಸಾಲದೆ ಎಂದು ಕೇಳುವವರಿದ್ದಾರೆ. ಒಂದೇ ಊರಿನಲ್ಲಿ ಒಂದೇ ಹೆಸರಿನ ಮೂವರು ಇರುತ್ತಾರೆ, ಮೊಬೈಲ್ ನಂಬರು ಬದಲಾಗುತ್ತದೆ, ಮನೆ ಪಾಲಾಗುತ್ತದೆ. ಊರಿನ ಹೆಸರೂ ಶಾಶ್ವತವಲ್ಲ. ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಅವರ ಭೇಟಿಯ ನೆನಪಿಗೆ 1915ರಲ್ಲಿ ನರಸಿಂಹರಾಜಪುರವಾದ ಊರು ಅದಕ್ಕೂ ಮೊದಲು ಎಡೇಹಳ್ಳಿ. ಎಡೇಹಳ್ಳಿ ಎಂಬ ಹೆಸರನ್ನೇ ಗುರುತಾಗಿಟ್ಟು ನೂರು ಕಡೆ ಬರೆದಿದ್ದರೆ ಆ ವರ್ಷ ನೂರು ಕಡೆಯೂ ತಿದ್ದಬೇಕಿತ್ತು. ಅರ್ಥವಿಲ್ಲದ ಒಂದು ಸಂಖ್ಯೆಯನ್ನು ಗುರುತಾಗಿಟ್ಟರೆ ಹೆಸರನ್ನು ತಿದ್ದುವುದು ಒಂದೇ ಕಡೆ. ಇದೇ ಪ್ರೈಮರಿ ಕೀ. ಎರವಲಿನ ಸಾಲಿನಲ್ಲಿ ಕುಳಿತು ಮನೆಯ ಪಟ್ಟಿಯತ್ತ ಬೊಟ್ಟು ಮಾಡುವಾಗ ಅದೇ ಸಂಖ್ಯೆ ಫಾರಿನ್ ಕೀ.

ಲೆಕ್ಕ ಬರೆದಿಡುವುದು ಈ ಸೀಮೆಗೆ ಹೊಸದಲ್ಲ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆದ ಕಡತಗಳು ಶೃಂಗೇರಿ ಮಠದಲ್ಲಿವೆ. ಎ.ಕೆ. ಶಾಸ್ತ್ರಿಯವರು ಅವುಗಳಲ್ಲಿ ಆಯ್ದವನ್ನು ಸಂಪಾದಿಸಿ ಪ್ರಕಟಿಸಿದ್ದಾರೆ. ಕಡತವಾಗಲಿ, ಅಂಗಡಿಯ ಕಿರ್ದಿಯಾಗಲಿ, ಬರೆದ ಕ್ರಮದಲ್ಲೇ ಓದಬೇಕು. ಒಬ್ಬನ ಲೆಕ್ಕವಷ್ಟೇ ಬೇಕೆಂದರೆ ಕಿರ್ದಿಯಿಂದ ಎತ್ತಿ ಖತಾವಣಿಯಲ್ಲಿ ಇನ್ನೊಮ್ಮೆ ಬರೆಯಬೇಕು. ಎರಡು ಕಡೆ ಬರೆದದ್ದು ಒಂದಲ್ಲ ಒಂದು ದಿನ ತಾಳೆಯಾಗುವುದಿಲ್ಲ.

ಕಂಪ್ಯೂಟರಿನ ಮೊದಲ ದಿನಗಳಲ್ಲೂ ತೊಡಕು ಇದೇ. ಅಪೊಲೊ ಯೋಜನೆಯ ಲಕ್ಷಾಂತರ ಬಿಡಿಭಾಗಗಳ ಲೆಕ್ಕಕ್ಕಾಗಿ ಐಬಿಎಂ 1960ರ ದಶಕದಲ್ಲಿ ಐಎಂಎಸ್ ಎಂಬ ಡೇಟಾಬೇಸ್ ವ್ಯವಸ್ಥೆ ಕಟ್ಟಿತು. ಅದರಲ್ಲಿ ಮಾಹಿತಿ ತಲೆಕೆಳಗಾದ ಮರದ ಹಾಗೆ: ಬುಡದಿಂದ ಕೊಂಬೆಗೆ ಇಳಿಯಬೇಕು. ಮನೆಯ ಕೆಳಗೆ ದೋಟಿ ಇಟ್ಟರೆ ‘ಈ ಮನೆಯಲ್ಲಿ ಏನಿದೆ’ ಎಂಬುದು ಸುಲಭ, ‘ಈ ದೋಟಿ ಎಲ್ಲೆಲ್ಲಿ ಹೋಗಿತ್ತು’ ಎಂಬುದು ಕಷ್ಟ. ಅದೇ ಐಬಿಎಂನ ಗಣಿತಜ್ಞ ಎಡ್ಗರ್ ಕಾಡ್ 1970ರಲ್ಲಿ ಒಂದು ಪ್ರಬಂಧ ಬರೆದು, ಮಾಹಿತಿಯನ್ನು ಸರಳ ಪಟ್ಟಿಗಳಲ್ಲಿಟ್ಟರೆ ಸಾಕು, ಯಾವ ದಿಕ್ಕಿನಿಂದ ಬೇಕಾದರೂ ಕೇಳಬಹುದು ಎಂದು ತೋರಿಸಿದರು. ಇದಕ್ಕಾಗಿ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. ಕಿರ್ದಿಯನ್ನು ಒಮ್ಮೆ ಬರೆಯಿರಿ, ಖತಾವಣಿಯನ್ನು ಕೇಳಿದಾಗ ಯಂತ್ರವೇ ಮಾಡಿಕೊಡುತ್ತದೆ. ಇಷ್ಟು ಸರಳವಾದ, ಇಷ್ಟು ಕಾಲ ಬಾಳಿದ ಯೋಚನೆ ಕಂಪ್ಯೂಟರ್ ಜಗತ್ತಿನಲ್ಲಿ ಹೆಚ್ಚಿಲ್ಲ.

ಎಲ್ಲಕ್ಕೂ ಒಂದೇ ಅಳತೆ ಸಲ್ಲುವುದಿಲ್ಲ. ಮದುವೆ, ಉಪನಯನಕ್ಕೆ ಕೊಡುವ ಪಾತ್ರೆಗಳನ್ನು ನೋಡಿ. ಹಂಡೆ, ಕೊಪ್ಪರಿಗೆಗೆ ಒಂದೊಂದು ನಂಬರು ಹಾಕಬಹುದು. ಅಂಚಿನ ಮೇಲೆ ಕೊರೆಸಿಯೂ ಇಡಬಹುದು. ಇನ್ನೂರು ಲೋಟಕ್ಕೆ ಇನ್ನೂರು ಸಾಲು ಬರೆಯುವುದು ಹುಚ್ಚು. ಅಲ್ಲಿ ಬೇಕಾದದ್ದು ಎಣಿಕೆ: ಒಯ್ದದ್ದೆಷ್ಟು, ತಂದದ್ದೆಷ್ಟು. ಇನ್ನು ಬೋರ್ಡೋಗೆ ಬೇಕಾದ ಮೈಲುತುತ್ತ, ಸುಣ್ಣ ವಾಪಸು ಬರುವ ಸಾಮಾನೇ ಅಲ್ಲ. 100 ಲೀಟರ್ ನೀರಿಗೆ ಒಂದೊಂದು ಕಿಲೋದಂತೆ ಕರಗಿ ಹೋಗುತ್ತವೆ; ಅವಕ್ಕೆ ಬಂದದ್ದು, ಹೋದದ್ದು, ಉಳಿದದ್ದು ಎಂಬ ದಾಸ್ತಾನು ಲೆಕ್ಕ. ಈ ಮೂರನ್ನೂ ಒಂದೇ ಪಟ್ಟಿಗೆ ತುರುಕಿದರೆ ಅರ್ಧ ಕಾಲಂಗಳು ಖಾಲಿ ಬಿದ್ದಿರುತ್ತವೆ. ಯಾವ ಪಟ್ಟಿಯಲ್ಲಾದರೂ ಹಾಗೆ ಖಾಲಿ ಕಾಲಂ ಹೆಚ್ಚಾಗಿ ಕಂಡರೆ ಎರಡು ಬೇರೆ ಸಂಗತಿಗಳನ್ನು ಒಂದೇ ಕಡೆ ಕಟ್ಟಿಹಾಕಿದ್ದೇವೆ ಎಂದೇ ತಿಳಿಯಬೇಕು.

ಇದಕ್ಕೆಲ್ಲ ದೊಡ್ಡ ಕಂಪ್ಯೂಟರ್ ಬೇಡ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯುಲೈಟ್ ಉಚಿತ. ನಿಮ್ಮ ಆಂಡ್ರಾಯ್ಡ್ ಫೋನಿನ ವಾಟ್ಸಾಪ್ ಸಂದೇಶಗಳೂ ಅದರಲ್ಲೇ ಕೂತಿವೆ. ಇಡೀ ಡೇಟಾಬೇಸ್ ಒಂದೇ ಫೈಲು. ಆಷಾಢದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ನಮ್ಮ ಕಡೆಗೆ ಇದು ದೊಡ್ಡ ಅನುಕೂಲ: ಮಳೆಗೆ ಮೊದಲು ಪೆನ್‌ಡ್ರೈವಿಗೆ ಒಂದು ನಕಲು ಮಾಡಿಟ್ಟುಕೊಳ್ಳಬಹುದು. ಎರಡು ಎಚ್ಚರ ಮಾತ್ರ ಬೇಕು. ಇಲ್ಲದ ಮನೆಯ ನಂಬರು ಬರೆದರೆ ತಡೆಯುವ ಫಾರಿನ್ ಕೀ ಕಾವಲು ಎಸ್‌ಕ್ಯುಲೈಟ್‌ನಲ್ಲಿ ತಾನಾಗಿ ಚಾಲೂ ಇರುವುದಿಲ್ಲ. ಪ್ರತಿ ಸಲ ತೆರೆದಾಗಲೂ ಆನ್ ಮಾಡಬೇಕು. ಇನ್ನೊಂದು, ತಂದ ದಿನ ಖಾಲಿ ಇರುವ ಸಾಲುಗಳಲ್ಲಿ ಒಂದು ಉಪಕರಣ ಒಮ್ಮೆ ಮಾತ್ರ ಬರಬೇಕು ಎಂಬ ನಿಯಮವನ್ನು ಯೂನಿಕ್ ಇಂಡೆಕ್ಸ್ ಆಗಿ ಹಾಕಿಡಿ. ಒಂದೇ ದೋಟಿಯನ್ನು ಒಟ್ಟಿಗೆ ಇಬ್ಬರಿಗೆ ಕೊಟ್ಟಂತೆ ಬರೆಯಲು ಹೋದರೆ ಯಂತ್ರವೇ ಒಪ್ಪುವುದಿಲ್ಲ. ಎರಡನೆಯದು ನನಗೆ ಬಹಳ ಇಷ್ಟ. ಒಂದೇ ಸಾಲಿನ ಆ ನಿಯಮ ಎರಡು ಮನೆಯ ನಡುವಿನ ಮನಸ್ತಾಪವನ್ನೇ ತಡೆಯುತ್ತದೆ.

ಕೊನೆಯದಾಗಿ ‘ರಿಪೇರಿ’ ಎಂಬ ಪಟ್ಟಿ ಸೇರಿಸಿ: ಉಪಕರಣದ ನಂಬರು, ದಿನ, ಏನು ಕೆಟ್ಟಿತು, ಖರ್ಚೆಷ್ಟು. ಇದನ್ನೂ ಎರವಲನ್ನೂ ಕೂಡಿಸಿ ಕೇಳಿದರೆ ಯಾವ ಸ್ಪ್ರೇಯರ್ ಎಷ್ಟು ದಿನ ದುಡಿದು ಎಷ್ಟು ತಿಂದಿತು ಎಂದು ತಿಳಿಯುತ್ತದೆ. 2014-15ರಲ್ಲಿ ಸರ್ಕಾರ ಶುರುಮಾಡಿದ ಕೃಷಿ ಯಂತ್ರಧಾರೆಯ ಬಾಡಿಗೆ ಕೇಂದ್ರಗಳಂಥ ದೊಡ್ಡ ವ್ಯವಸ್ಥೆಗೂ ನಾಲ್ಕು ಮನೆಯ ಕೂಟಕ್ಕೂ ಈ ಪಟ್ಟಿಗಳು ಇವೇ. ಏಪ್ರಿಲ್‌ನಲ್ಲಿ ಸಂಘದ ಸಭೆ ಕೂತಾಗ, ಹಳೆಯ ಸ್ಪ್ರೇಯರನ್ನೇ ರಿಪೇರಿ ಮಾಡಿಸುವುದೋ ಹೊಸದು ತರುವುದೋ ಎಂಬ ಚರ್ಚೆಗೆ ಮೊದಲು ಆ ಲೆಕ್ಕವನ್ನು ಗಟ್ಟಿಯಾಗಿ ಓದಿ.