ಎಪ್‌ವರ್ತ್‌ನ ಪಾದ್ರಿ ಮನೆ ಮತ್ತು ಅದರ ಅಡುಗೆಕೋಣೆ

ಮೈಸೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನ ಪುಸ್ತಕಗಳನ್ನು ಕಂಡವರಿಗೆ ವೆಸ್ಲಿ ಎಂಬ ಹೆಸರು ಹೊಸದಲ್ಲ. ಒಂದು ಕಾಲದಲ್ಲಿ ‘ವೃತ್ತಾಂತ ಪತ್ರಿಕೆ’ಯನ್ನು ಹೊರತಂದದ್ದೂ ಅದೇ ಮಿಷನ್. ಆ ಹೆಸರಿನ ಮೂಲವನ್ನು ಹುಡುಕುತ್ತಾ ಹೋದರೆ ನಾವು ತಲುಪುವುದು ಇಂಗ್ಲೆಂಡಿನ ಲಿಂಕನ್‌ಶೈರ್‌ನ ಎಪ್‌ವರ್ತ್ ಎಂಬ ಸಣ್ಣ ಊರಿಗೆ, ಅಲ್ಲಿನ ಇಟ್ಟಿಗೆಯ ಒಂದು ದೊಡ್ಡ ಮನೆಗೆ. ಮೆಥಡಿಸ್ಟ್ ಚಳವಳಿಯನ್ನು ಹುಟ್ಟುಹಾಕಿದ ಜಾನ್ ವೆಸ್ಲಿ ಮತ್ತು ಚಾರ್ಲ್ಸ್ ವೆಸ್ಲಿ ಬಾಲ್ಯ ಕಳೆದದ್ದು ಇಲ್ಲಿ.

ಇದು ‘ರೆಕ್ಟರಿ’, ಅಂದರೆ ಊರಿನ ಚರ್ಚಿನ ಪಾದ್ರಿಗೆ ಹುದ್ದೆಯೊಂದಿಗೆ ಸಿಗುತ್ತಿದ್ದ ಮನೆ. ಊರವರ ಬೆಳೆಯ ದಶಾಂಶ ಆತನಿಗೆ ಸಲ್ಲಬೇಕು. ಮನೆ ಮಾತ್ರ ಆತನದ್ದಲ್ಲ. ಆತ ಸತ್ತ ಮೇಲೆ ಹೆಂಡತಿ ಮಕ್ಕಳು ಗಂಟುಮೂಟೆ ಕಟ್ಟಲೇಬೇಕು. ಈ ಒಂದು ಸಂಗತಿಯನ್ನು ಮರೆತರೆ ಇಂತಹ ಯಾವ ಮನೆಯೂ ನಮಗೆ ಅರ್ಥವಾಗದು.

ಈಗಿನ ಕಟ್ಟಡಕ್ಕಿಂತ ಮೊದಲು ಅಲ್ಲಿದ್ದದ್ದು ಮರ, ಗಾರೆ ಮತ್ತು ಹುಲ್ಲಿನ ಮಾಡಿನ ಮನೆ. 1709ರ ಫೆಬ್ರವರಿ 9ರ ರಾತ್ರಿ ಅದು ಸುಟ್ಟು ಬೂದಿಯಾಯಿತು. ಐದು ವರ್ಷದ ಜಾನ್ ಮೇಲಂತಸ್ತಿನಲ್ಲಿ ಸಿಕ್ಕಿಬಿದ್ದಿದ್ದ. ಏಣಿ ತರಲು ಸಮಯವಿರಲಿಲ್ಲ. ಒಬ್ಬನ ಹೆಗಲ ಮೇಲೆ ಇನ್ನೊಬ್ಬ ನಿಂತು ಕಿಟಕಿಯಿಂದ ಮಗುವನ್ನು ಎಳೆದುಕೊಂಡರು, ಅಷ್ಟರಲ್ಲೇ ಮಾಡು ಕುಸಿಯಿತು. ಬೆಂಕಿ ಹಚ್ಚಿದ್ದು ಊರವರೇ ಎಂಬ ಗುಮಾನಿ ಇತ್ತು, ಸಾಬೀತಾಗಲಿಲ್ಲ. ಗುಮಾನಿಗೆ ಕಾರಣವಿಲ್ಲದಿರಲಿಲ್ಲ. ಈ ಸೀಮೆಯ ಜೌಗು ನೆಲವನ್ನು 1620ರ ದಶಕದಲ್ಲಿ ಡಚ್ ಇಂಜಿನಿಯರ್ ವರ್ಮೂಡನ್ ಬತ್ತಿಸಿದಾಗ, ಮೀನು ಹಿಡಿದು ದನ ಮೇಯಿಸಿ ಬದುಕಿದ್ದ ಜನರ ಪಾಲು ಕೈತಪ್ಪಿತ್ತು. ಹೊರಗಿನಿಂದ ಬಂದು ಅಧಿಕಾರ ನಡೆಸುವವರ ಮೇಲಿನ ಸಿಟ್ಟು ತಲೆಮಾರುಗಳವರೆಗೆ ಆರಲಿಲ್ಲ. ಅಂತಹ ಊರಿಗೆ ಪಾದ್ರಿ ಸ್ಯಾಮ್ಯುವೆಲ್ ವೆಸ್ಲಿ ರಾಜಕೀಯದ ಹಠವನ್ನೂ ಹೊತ್ತು ಬಂದಿದ್ದರು. 1705ರ ಚುನಾವಣೆಯ ಬಳಿಕ ಸಾಲಗಾರರು ಅವರನ್ನು ಲಿಂಕನ್ ಕೋಟೆಯ ಜೈಲಿಗೆ ಹಾಕಿಸಿದರು. ಅವರ ಹಸುಗಳನ್ನು ಯಾರೋ ರಾತ್ರಿ ಇರಿದರು.

ಸುಟ್ಟ ಮನೆಯ ಜಾಗದಲ್ಲಿ ವರ್ಷದೊಳಗೆ ಎದ್ದು ನಿಂತದ್ದು ಈಗ ಕಾಣುವ ಕಟ್ಟಡ. ರಾಣಿ ಆನ್ ಕಾಲದ ಶೈಲಿ. ಉದ್ದನೆಯ ಇಟ್ಟಿಗೆಯ ಮುಖ, ಅಳೆದಿಟ್ಟಂತೆ ಕಿಟಕಿಗಳು, ಮಾಡಿನಡಿ ಅಟ್ಟದ ಕೋಣೆಗಳು. ಹುಲ್ಲು ಮಾಡಿನ ಗುಡಿಸಲುಗಳ ನಡುವೆ ಇದು ಹೇಗೆ ಕಂಡಿರಬಹುದು ಎಂದು ಊಹಿಸಬೇಕು. ಬೆಂಕಿಗೆ ಉತ್ತರ ಎಂಬಷ್ಟೇ ಅಲ್ಲ, ಊರಿಗೂ ಕೊಟ್ಟ ಉತ್ತರದಂತಿದೆ. ಆ ಠೀವಿಯ ಹಿಂದಿನ ನಿಜ ಬೇರೆ. ಕಟ್ಟಲು ಸುಮಾರು 400 ಪೌಂಡು ಬಿತ್ತು. ಸಾಲ ತೀರಲೇ ಇಲ್ಲ. ಹದಿಮೂರು ವರ್ಷ ಕಳೆದರೂ ಮನೆಗೆ ಅರ್ಧದಷ್ಟೂ ಪೀಠೋಪಕರಣಗಳಿಲ್ಲ, ತನಗೂ ಮಕ್ಕಳಿಗೂ ಸರಿಯಾದ ಬಟ್ಟೆಯಿಲ್ಲ ಎಂದು ಪಾದ್ರಿಯ ಹೆಂಡತಿ ಸುಸಾನಾ ಅಣ್ಣನಿಗೆ ಬರೆಯಬೇಕಾಯಿತು.

ಈ ಮನೆಯ ಕಥೆ ಹೇಳುವವರು ಎರಡು ಸಂಗತಿಗಳನ್ನು ಬಿಡುವುದಿಲ್ಲ. ಒಂದು ಬೆಂಕಿಯ ಕಿಟಕಿ, ಇನ್ನೊಂದು 1716-17ರ ಚಳಿಗಾಲದಲ್ಲಿ ಗೋಡೆ ತಟ್ಟಿತೆನ್ನುವ ದೆವ್ವ. ದೆವ್ವಕ್ಕೆ ಮಕ್ಕಳು ಇಟ್ಟ ಹೆಸರು ‘ಓಲ್ಡ್ ಜೆಫ್ರಿ’. ಕೇಳಲು ಸೊಗಸಾಗಿದೆ. ಆದರೆ ನಾವು ನಿಲ್ಲಬೇಕಾದದ್ದು ಅಡುಗೆಕೋಣೆಯಲ್ಲಿ ಎಂಬುದು ನಮ್ಮ ಅಭಿಪ್ರಾಯ.

1711-12ರ ಚಳಿಗಾಲದಲ್ಲಿ ಸ್ಯಾಮ್ಯುವೆಲ್ ಲಂಡನ್ನಿನಲ್ಲಿದ್ದರು. ಹತ್ತೊಂಬತ್ತು ಮಕ್ಕಳನ್ನು ಹೆತ್ತು ಹತ್ತನ್ನು ಉಳಿಸಿಕೊಂಡ ಸುಸಾನಾ, ಭಾನುವಾರ ಸಂಜೆ ಮಕ್ಕಳಿಗೆ ಧರ್ಮೋಪದೇಶ ಓದಿ ಹೇಳುತ್ತಿದ್ದರು. ಮೊದಲು ಆಳುಗಳು ಬಂದರು, ಆಮೇಲೆ ನೆರೆಯವರು. ಕೊನೆಗೆ ಸಂಖ್ಯೆ ಇನ್ನೂರು ದಾಟಿತು. ಬೆಂಕಿ ಹಚ್ಚಿದರೆಂಬ ಗುಮಾನಿ ಹೊತ್ತ ಊರೇ ಆ ಮನೆಯೊಳಗೆ ಬಂದು ಕುಳಿತಿತು! ಹೆಣ್ಣು ಉಪದೇಶ ಮಾಡುವುದೇ ಎಂದು ಸಹಾಯಕ ಪಾದ್ರಿ ದೂರಿತ್ತರು. ನಿಲ್ಲಿಸು ಎಂದು ಗಂಡನ ಪತ್ರ ಬಂತು. ಸುಸಾನಾ ಕೊಟ್ಟ ಉತ್ತರದ ಸಾರ ಇಷ್ಟು: ನಿಮ್ಮ ಇಷ್ಟ ಎಂದು ಬರೆಯಬೇಡಿ, ಸ್ಪಷ್ಟ ಆಜ್ಞೆ ಕೊಡಿ. ಆಗ ಈ ಆತ್ಮಗಳ ಲೆಕ್ಕ ದೇವರ ಮುಂದೆ ನೀವು ಕೊಡುವಿರಿ, ನಾನಲ್ಲ. ಸಭೆ ಮುಂದುವರಿಯಿತು. ಮುಂದೆ ಮೆಥಡಿಸ್ಟರು ಚರ್ಚಿನ ಗೋಡೆಯ ಹೊರಗೆ ಜನ ಕೂಡಿಸಿದ ರೀತಿಯ ಮೊದಲ ಪಾಠ ಇದೆಂದರೆ ಅತಿಶಯೋಕ್ತಿಯಾಗದು.

ಹೆಣ್ಣುಮಕ್ಕಳಿಗೆ ಚೆನ್ನಾಗಿ ಓದಲು ಬರುವವರೆಗೆ ಹೊಲಿಗೆ ಕೆಲಸ ಹಚ್ಚಬಾರದು ಎಂಬುದೂ ಈ ಮನೆಯ ನಿಯಮ. ಅದನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಮಕ್ಕಳು ಅಳುವಾಗಲೂ ಸದ್ದು ಮಾಡಬಾರದೆಂಬ ಕಟ್ಟುನಿಟ್ಟು ಇದ್ದದ್ದೂ ಇಲ್ಲೇ. ಓದಿ ಬೆಳೆದ ಮಗಳು ಹೆಟ್ಟಿ ಒಳ್ಳೆಯ ಕವಯಿತ್ರಿ. ಮದುವೆಗೆ ಮೊದಲೇ ಗರ್ಭಿಣಿಯಾದ ಆಕೆಯನ್ನು 1725ರಲ್ಲಿ ಮನಸ್ಸೊಪ್ಪದ ಪ್ಲಂಬರನಿಗೆ ಕಟ್ಟಿದರು. ತಂದೆ ಕ್ಷಮಿಸಲೇ ಇಲ್ಲ. ಓದು ಕೊಟ್ಟ ಮನೆ, ಓದಿದವಳು ತಪ್ಪಿದಾಗ ಬಾಗಿಲು ಮುಚ್ಚಿತು.

1735ರಲ್ಲಿ ಸ್ಯಾಮ್ಯುವೆಲ್ ತೀರಿಕೊಂಡಾಗ ನಿಯಮದಂತೆ ಸುಸಾನಾ ಕೂಡ ಹೊರಬೀಳಬೇಕಾಯಿತು. ಸುಮಾರು ನಾಲ್ಕು ದಶಕ ನಡೆಸಿದ ಸಂಸಾರ, ಎರಡು ಬಾರಿ ಹೂಡಿದ ಒಲೆ. ಆ ಮನೆಯ ಒಂದು ಇಟ್ಟಿಗೆಯ ಮೇಲೂ ಆಕೆಗೆ ಹಕ್ಕಿರಲಿಲ್ಲ. ಉಳಿದ ದಿನಗಳನ್ನು ಮಕ್ಕಳ ಮನೆಗಳಲ್ಲಿ ಕಳೆದರು.

ರೆಕ್ಟರಿಯನ್ನು ವಿಶ್ವ ಮೆಥಡಿಸ್ಟ್ ಪರಿಷತ್ತು 1950ರ ದಶಕದಲ್ಲಿ ಕೊಂಡು ದುರಸ್ತಿ ಮಾಡಿಸಿ, 1957ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಎಪ್‌ವರ್ತ್ ಚರ್ಚಿಗೆ 1742ರ ಜೂನ್‌ನಲ್ಲಿ ಜಾನ್ ಮರಳಿದಾಗ ಉಪದೇಶಕ್ಕೆ ಅವಕಾಶ ಸಿಗಲಿಲ್ಲ. ಸಂಜೆ ಅಂಗಳದಲ್ಲಿದ್ದ ತಂದೆಯ ಸಮಾಧಿಯ ಕಲ್ಲಿನ ಮೇಲೆ ನಿಂತು ಅವರು ಮಾತನಾಡಿದರು. ಮುಂದಿನ ತಿಂಗಳು ಸುಸಾನಾ ಲಂಡನ್ನಿನಲ್ಲಿ ತೀರಿಕೊಂಡರು. ಅವರ ಸಮಾಧಿ ಗಂಡನ ಬಳಿಯಲ್ಲಿಲ್ಲ, ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್‌ನಲ್ಲಿದೆ.