'ಮಹಾನದಿ'ಯ ಮಗಳು

ಕಮಲ ಹಾಸನ್ ಅವರ 'ಮಹಾನದಿ'ಯನ್ನು ಮೆಚ್ಚುವವರೆಲ್ಲ ಅಪ್ಪನ ಪಾತ್ರವನ್ನೇ ಮೊದಲು ನೆನೆಯುತ್ತಾರೆ. ಸಂತಾನ ಭಾರತಿ ನಿರ್ದೇಶಿಸಿದ ಈ ತಮಿಳು ಚಿತ್ರ 1994ರ ಸಂಕ್ರಾಂತಿಗೆ ತೆರೆಕಂಡಿತು. ಆ ಭಾಷೆಯ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಕಮಲ ಹಾಸನ್ ಅವರ ಅಭಿನಯದ ಬಗ್ಗೆ ನನ್ನದೂ ತಕರಾರಿಲ್ಲ. ಆದರೆ ವರ್ಷಗಟ್ಟಲೆ ಹೈಸ್ಕೂಲಿನ ಹುಡುಗಿಯರ ಮುಂದೆ ನಿಂತು ಪಾಠ ಹೇಳಿದವಳಿಗೆ ಕಣ್ಣು ಹೋಗುವುದು ಮಗಳ ಕಡೆಗೆ.

ಕಥೆಯಲ್ಲಿ ಎಲ್ಲರಿಗೂ ನದಿಯ ಹೆಸರು: ಕೃಷ್ಣ, ಯಮುನಾ, ಸರಸ್ವತಿ, ಭರಣಿ. ಮಗಳು ಕಾವೇರಿ, ನಮ್ಮ ಕೊಡಗಿನಲ್ಲಿ ಹುಟ್ಟಿ ಅವರ ಕುಂಭಕೋಣದ ಗದ್ದೆಗಳಿಗೆ ನೀರುಣಿಸುವವಳು. ಹೆಂಡತಿಯನ್ನು ಕಳೆದುಕೊಂಡ ಕೃಷ್ಣಸ್ವಾಮಿ, ಅತ್ತೆ ಮತ್ತು ಇಬ್ಬರು ಮಕ್ಕಳೊಂದಿಗೆ ಆ ಸೀಮೆಯಲ್ಲಿ ನೆಮ್ಮದಿಯಾಗಿದ್ದಾನೆ. ಧನುಷ್ ಎಂಬ ನಯವಂಚಕನ ಮಾತಿಗೆ ಮರುಳಾಗಿ ಮದ್ರಾಸಿನಲ್ಲಿ ಚೀಟಿ ವ್ಯವಹಾರಕ್ಕೆ ಇಳಿಯುತ್ತಾನೆ. ಜನರ ಹಣ ಮುಳುಗುತ್ತದೆ, ಇವನು ಜೈಲು ಸೇರುತ್ತಾನೆ. ಚೀಟಿ ಹಾಕಿ ಕೈಸುಟ್ಟುಕೊಂಡ ಮನೆಗಳನ್ನು ಕಂಡವರಿಗೆ ಇಷ್ಟು ಹೇಳಿದರೆ ಸಾಕು.

ಚಿತ್ರದ ನಿಜವಾದ ಕಸುವು ಇರುವುದು ಆಮೇಲಿನ ಭಾಗದಲ್ಲಿ. ಅಜ್ಜಿ ಕಾಯಿಲೆ ಬೀಳುತ್ತಾಳೆ. ಔಷಧಿಗೆ ಕಾಸಿಲ್ಲ. ಕಾವೇರಿ ಗೊತ್ತಿದ್ದವನನ್ನೇ, ಮನೆಗೆ ಬಂದು ಹೋಗಿದ್ದ ಆ ಧನುಷ್‌ನನ್ನೇ ಸಹಾಯ ಕೇಳುತ್ತಾಳೆ. ಅವನು ಅವಳನ್ನು ತನ್ನ ಯಜಮಾನನ ಬಳಿ ಕಳಿಸುತ್ತಾನೆ. ಅಲ್ಲಿಂದ ಅವಳ ದಾರಿ ಕಲ್ಕತ್ತೆಯ ಸೋನಾಗಾಚಿಗೆ. ಕತ್ತಲಲ್ಲಿ ಕಾರು ನಿಲ್ಲಿಸಿ ಬಾಯಿ ಮುಚ್ಚಿ ಎತ್ತಿಕೊಂಡು ಹೋಗುವ ಕೇಡಿಗಳು ಇಲ್ಲಿಲ್ಲ. ಒಂದು ಆಸ್ಪತ್ರೆ ಖರ್ಚು, ಒಬ್ಬ ಪರಿಚಯದ ಮನುಷ್ಯ, ಅಷ್ಟೆ. ಹುಡುಗಿಯರ ಮಾರಾಟ ಹೀಗೂ ನಡೆಯುತ್ತದೆಂದು ಒಂದು ದೊಡ್ಡ ನಟನ ಚಿತ್ರ ಆ ಕಾಲಕ್ಕೇ ತೋರಿಸಿತಲ್ಲ, ಅದು ಸಣ್ಣ ಮಾತಲ್ಲ. ಆಮಿಷ, ವಂಚನೆ, ಅಧಿಕಾರದ ದುರ್ಬಳಕೆಯಿಂದ ಶೋಷಣೆಗೆ ಸಾಗಿಸುವುದೂ ಮಾನವ ಸಾಗಾಣಿಕೆಯೇ, ಬಲಿಯಾದವರ ಒಪ್ಪಿಗೆ ಲೆಕ್ಕಕ್ಕಿಲ್ಲ ಎಂದು ನಮ್ಮ ದಂಡಸಂಹಿತೆಯಲ್ಲಿ ಬರೆದದ್ದು 2013ರಲ್ಲಿ.

ಸೋನಾಗಾಚಿಯ ದೃಶ್ಯಗಳನ್ನು ಎರಡನೇ ಸಲ ನೋಡಲು ನನಗೆ ಧೈರ್ಯ ಬೇಕಾಯಿತು. ಅಲ್ಲಿ ನನ್ನನ್ನು ತಡೆದು ನಿಲ್ಲಿಸಿದವರು ಆ ಬೀದಿಯ ಹೆಂಗಸರು. ಅಪ್ಪ ಮಗಳನ್ನು ಬಿಡಿಸಿಕೊಳ್ಳಲಾರದೆ ನಿಂತಾಗ, ಅವಳಿಂದ ಆಗುವ ನಷ್ಟವನ್ನು ತಾವೇ ದುಡಿದು ತುಂಬುತ್ತೇವೆ ಎಂದು ಮುಂದೆ ಬರುವವರು ಅವರು. ಸಿನಿಮಾದ ಕಲ್ಪನೆ ಎನ್ನಬಹುದು. ಆದರೆ ಮರುವರ್ಷವೇ, 1995ರಲ್ಲಿ, ಅದೇ ಸೋನಾಗಾಚಿಯ ಹೆಂಗಸರು 'ದುರ್ಬಾರ್ ಮಹಿಳಾ ಸಮನ್ವಯ ಸಮಿತಿ' ಕಟ್ಟಿಕೊಂಡರು. ಅದಕ್ಕೆ ಮೊದಲು, 1992ರಲ್ಲಿ, ಡಾ. ಸ್ಮರಜಿತ್ ಜಾನಾ ಅಲ್ಲಿ ಆರೋಗ್ಯದ ಕೆಲಸ ಆರಂಭಿಸಿದ್ದರು.

ಮನೆಗೆ ಬಂದ ಕಾವೇರಿ ನಿದ್ದೆಯಲ್ಲಿ ಕನವರಿಸುತ್ತಾಳೆ. ಯಾರನ್ನೋ ಬೈಯುತ್ತಾಳೆ, ಬಿಡಿ ಎಂದು ಗೋಗರೆಯುತ್ತಾಳೆ. ಅಪ್ಪ ಕೇಳಿಸಿಕೊಂಡು ಕುಸಿಯುತ್ತಾನೆ. ಎಲ್ಲರೂ ಕೊಂಡಾಡುವ ದೃಶ್ಯ ಇದು, ಕೊಂಡಾಡಲು ಯೋಗ್ಯವೂ ಹೌದು. ಆದರೆ ಗಮನಿಸಿ: ತನಗಾದದ್ದನ್ನು ಆ ಹುಡುಗಿ ಬಾಯಿಬಿಟ್ಟು ಹೇಳುವುದು ನಿದ್ದೆಯಲ್ಲಿ ಮಾತ್ರ. ಎಚ್ಚರವಾದಾಗ ಅವಳನ್ನು ಯಾರೂ ಕೇಳುವುದಿಲ್ಲ. ಚಿತ್ರ ತಕ್ಷಣ ಅಪ್ಪನ ಸಿಟ್ಟಿನ ಹಿಂದೆ ಓಡುತ್ತದೆ. ಕೊಲೆಗಳಾಗುತ್ತವೆ, ಅಪ್ಪ ತನ್ನ ಕೈಯನ್ನೇ ಕಳೆದುಕೊಳ್ಳುತ್ತಾನೆ. ಥಿಯೇಟರಿನಲ್ಲಿ ಚಪ್ಪಾಳೆ ಬೀಳುವ ಜಾಗ ಅದು. ನನಗೆ ಮಾತ್ರ ಅಷ್ಟು ಹೊತ್ತು ಎಚ್ಚರದಿಂದ ಕಟ್ಟಿದ ಚಿತ್ರ ಅಲ್ಲಿ ಕೈಜಾರಿತೆನಿಸುತ್ತದೆ. ಇಬ್ಬರನ್ನು ಕೊಂದ ಮಾತ್ರಕ್ಕೆ ಔಷಧಿಗೆ ಕಾಸಿಲ್ಲದ ಮನೆಗಳು ಕಡಿಮೆಯಾಗುತ್ತವೆಯೇ?

"ಇಂಥ ಕೊಳಕನ್ನೆಲ್ಲ ಮಕ್ಕಳಿಗೆ ಹೇಳಬೇಕೇ ಮೇಡಂ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ಒಬ್ಬರು ಕೇಳಿದರು. ಇಡೀ ಚಿತ್ರವನ್ನು ತರಗತಿಯಲ್ಲಿ ತೋರಿಸಲು ನಾನೂ ಒಪ್ಪುವುದಿಲ್ಲ. ಆ ಅಜ್ಜಿಯ ಕಾಯಿಲೆಯ ಕಥೆಯನ್ನು ಮಾತ್ರ ಹತ್ತನೆಯ ತರಗತಿಯ ಹುಡುಗಿಯರಿಗೆ ಹೇಳುತ್ತೇನೆ. ಮನೆಯಲ್ಲಿ ಸಾಲವಿರುವವರು ಯಾರೆಂದು ಆಗ ಮುಖ ನೋಡಿದರೇ ತಿಳಿಯುತ್ತದೆ.

ಕೊನೆಯಲ್ಲಿ 14 ವರ್ಷದ ಶಿಕ್ಷೆ ಮುಗಿಸಿ ಕೃಷ್ಣಸ್ವಾಮಿ ಹೊರಗೆ ಬರುತ್ತಾನೆ. ಕಾವೇರಿಗೆ ಮದುವೆಯಾಗಿದೆ, ಮಗುವಿದೆ. ನೋಡುವವರಿಗೆ ಸಮಾಧಾನ. ನಡುವಿನ ವರ್ಷಗಳಲ್ಲಿ ಅವಳು ಮತ್ತೆ ಪುಸ್ತಕ ಹಿಡಿದಳೇ, ಹೊರಗೆ ಹೋಗಲು ಹೆದರಿದಳೇ, ಆ ಕನವರಿಕೆ ಎಂದು ನಿಂತಿತು, ಇದಾವುದಕ್ಕೂ ಚಿತ್ರ ಒಂದು ದೃಶ್ಯವನ್ನೂ ಕೊಡಲಿಲ್ಲ.