ಕೂಲಿಯ ಮಾತೇ ಇಲ್ಲದ ಸ್ಥಳೀಯರ ಮಸೂದೆ

2024ರ ಜುಲೈ 15ರಂದು ಕರ್ನಾಟಕದ ಸಚಿವ ಸಂಪುಟ ಒಪ್ಪಿ, 17ರಂದು ಸರ್ಕಾರವೇ ತಡೆಹಿಡಿದ ಸ್ಥಳೀಯರ ಉದ್ಯೋಗ ಮಸೂದೆಯ ಚರ್ಚೆ ಬಹುಪಾಲು ಬೆಂಗಳೂರಿನ ಐಟಿ ಕಂಪನಿಗಳ ಸುತ್ತಲೇ ನಡೆಯಿತು. ಖಾಸಗಿ ಸಂಸ್ಥೆಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ. ತಪ್ಪಿದರೆ 10,000ದಿಂದ 25,000 ರೂಪಾಯಿ ದಂಡ. ಈ ಮಸೂದೆಯ ಬಲಾಬಲ ತಿಳಿಯಬೇಕಾದರೆ ಅದನ್ನು ದಾವಣಗೆರೆ, ಹರಿಹರದಲ್ಲಿ ನಿಂತು ಓದಬೇಕು. ಕೆಲಸ ಕಳೆದುಕೊಂಡ ನೋವೂ ಹೊರಗಿನವರ ದುಡಿಮೆಯೂ ಒಟ್ಟಿಗೇ ಕಾಣುವ ಊರುಗಳಿವು.

ಮಸೂದೆಯ ಹಿಂದಿನ ಆತಂಕ ಸುಳ್ಳಲ್ಲ, ಹೊಸದೂ ಅಲ್ಲ. ಸರೋಜಿನಿ ಮಹಿಷಿ ಸಮಿತಿ ಕನ್ನಡಿಗರ ಉದ್ಯೋಗದ ಬಗ್ಗೆ ವರದಿ ಕೊಟ್ಟದ್ದು 1980ರ ದಶಕದಲ್ಲಿ. ಐಟಿಐ ಮುಗಿಸಿದ ಹುಡುಗ ತನ್ನೂರಿನ ಕಾರ್ಖಾನೆಯ ಗೇಟಿನಿಂದ ಬರಿಗೈಯಲ್ಲಿ ಮರಳುವಂತಾದರೆ ಅವನ ಸಿಟ್ಟು ನ್ಯಾಯವಾದದ್ದೇ. ಕನ್ನಡ ಬಲ್ಲವರನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ಉದ್ಯಮಗಳನ್ನು ಕೇಳುವ ಹಕ್ಕು ಈ ನಾಡಿಗೆ ಇದೆ.

ಆದರೆ ಇಲ್ಲಿಯ ಕೆಲಸಗಳು ಹೋದದ್ದು ಹೇಗೆ? ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಹತ್ತಿ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. 1941ರಲ್ಲಿ ಹುಟ್ಟಿ, ಲೇತ್ ಯಂತ್ರಗಳಿಂದ ಹರಿಹರಕ್ಕೆ ಹೆಸರು ತಂದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಹಳೆಯ ಯಂತ್ರ, ಅಗ್ಗದ ಪವರ್‌ಲೂಮ್ ಬಟ್ಟೆ, ಆಮದಿನ ಪೈಪೋಟಿ, ಸಾಲ ಹೀಗೆ ಇಂಥ ಕಾರ್ಖಾನೆಗಳು ಸೊರಗಲು ಕಾರಣಗಳು ಹಲವು. ಆ ಬಾಗಿಲುಗಳನ್ನು ಮುಚ್ಚಿಸಿದ್ದು ಬಿಹಾರದಿಂದ ಬಂದ ಹುಡುಗನಲ್ಲ. ಮುಚ್ಚಿದ ಕಾರ್ಖಾನೆಯಲ್ಲಿ ಶೇ 70 ಎಂದರೂ ಸೊನ್ನೆಯೇ.

ಇನ್ನು, ಹೊರಗಿನವರು ಬಂದು ಊರಿಗೆ ಕೆಲಸ ತಂದ ಚರಿತ್ರೆಯೂ ಇಲ್ಲಿದೆ. ಹರಿಹರದ ಆ ಕಾರ್ಖಾನೆಯನ್ನು ಕಟ್ಟಿದ್ದು ಮಹಾರಾಷ್ಟ್ರದ ಕಿರ್ಲೋಸ್ಕರ್ ಮನೆತನ. ದಾವಣಗೆರೆಯ ಹೆಸರನ್ನು ನಾಡಿನಾದ್ಯಂತ ಹೊತ್ತೊಯ್ದ ಬೆಣ್ಣೆದೋಸೆಯ ಮೂಲವನ್ನು ಊರಿನವರು 1928ರಲ್ಲಿ ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ವಲಸೆ ಬಂದ ಚೆನ್ನಮ್ಮನವರಲ್ಲಿ ಗುರುತಿಸುತ್ತಾರೆ. ಭದ್ರಾ ನಾಲೆ ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪ್ ಹಾಕಿ ಭತ್ತ ಬೆಳೆದರು. ಭತ್ತ ಹೆಚ್ಚಿದಷ್ಟೂ ನಾಟಿ, ಕೊಯ್ಲು, ಅಕ್ಕಿ ಗಿರಣಿ, ಹಮಾಲಿ ಎಲ್ಲಕ್ಕೂ ಆಳು ಬೇಕಾದರು. ಊರಿನಲ್ಲಿ ಇಷ್ಟೇ ಕೆಲಸ ಎಂಬ ಲೆಕ್ಕ ಯಾವತ್ತೂ ಇರಲಿಲ್ಲ.

ಹಾಗಾದರೆ ಹೊಸಬರು ಬಂದರೆ ಕೂಲಿ ಇಳಿಯುವುದೇ ಇಲ್ಲವೇ? 1980ರಲ್ಲಿ ಕ್ಯೂಬಾದ ಸುಮಾರು 1,25,000 ಮಂದಿ ಕೆಲವೇ ತಿಂಗಳಲ್ಲಿ ಅಮೆರಿಕಕ್ಕೆ ಬಂದಿಳಿದರು. ಅವರಲ್ಲಿ ಬಹಳಷ್ಟು ಜನ ಮಯಾಮಿಯಲ್ಲೇ ನೆಲೆಸಿದರು. ಅಲ್ಲಿಯ ಕಡಿಮೆ ಕೌಶಲದವರ ಕೂಲಿ ಅದರಿಂದ ಕುಸಿಯಲಿಲ್ಲ ಎಂದು ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ 1990ರಲ್ಲಿ ತೋರಿಸಿದರು. ಮುಂದೆ ನೊಬೆಲ್ ಪಡೆದರು. ಆದರೆ ಅಲ್ಲಿಯೇ ಶಾಲೆ ಮುಗಿಸದ ಗಂಡಸರ ಕೂಲಿ ತೀವ್ರವಾಗಿಯೇ ಇಳಿಯಿತು ಎಂದು ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ವಾದಿಸಿದರು. ವಾದ ಮುಗಿದಿಲ್ಲ. ಬರುವವರನ್ನು ತಡೆದರೆ ಕೂಲಿ ಏರುತ್ತದೆ ಎಂದೂ ಇಲ್ಲ. 1964ರಲ್ಲಿ ಮೆಕ್ಸಿಕೋದ ಹೊಲಗೆಲಸದವರ ಬರುವಿಕೆಯನ್ನು ಅಮೆರಿಕ ನಿಲ್ಲಿಸಿದಾಗ ಸ್ಥಳೀಯರ ಕೂಲಿ ಏರಲಿಲ್ಲ. ಜಮೀನುದಾರರು ಯಂತ್ರ ತಂದರು. ಭತ್ತದ ಗದ್ದೆಗಳಿಗೆ ಕಟಾವು ಯಂತ್ರ ಇಳಿದದ್ದನ್ನು ಕಂಡ ಹರಿಹರದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮಲ್ಲಿ ಕೂಲಿಯ ನಿಜಸ್ಥಿತಿ ಕಾಣುವುದು ಕಟ್ಟಡದ ಸೈಟಿನಲ್ಲಿ. ಸೆಂಟ್ರಿಂಗ್, ಟೈಲ್ಸ್, ಗಾರೆ ಕೆಲಸಕ್ಕೆ ಉತ್ತರದ ರಾಜ್ಯಗಳಿಂದ ಬಂದವನು ಸೈಟಿನಲ್ಲೇ ಮಲಗುತ್ತಾನೆ, ಹೊತ್ತಿನ ಮಿತಿಯಿಲ್ಲದೆ ದುಡಿಯುತ್ತಾನೆ, ಮುಂಗಡದ ಋಣದಲ್ಲಿ ಮೇಸ್ತ್ರಿಯ ಮಾತು ಮೀರಲಾರ. ಸಂಜೆ ಮನೆಗೆ ಹೋಗಬೇಕಾದ ನಮ್ಮ ಗಾರೆಯವನು ಈ ಪೈಪೋಟಿಯಲ್ಲಿ ಸೋಲುತ್ತಾನೆ. ಕೂಲಿಯನ್ನು ಕೆಳಕ್ಕೆ ಎಳೆಯುವುದು ಬಂದವನ ಈ ಅಸಹಾಯಕತೆ. ಅದರ ಲಾಭ ಮಾಲೀಕನಿಗೆ. 2020ರ ಮೇ ತಿಂಗಳಲ್ಲಿ ಇದು ಬಟ್ಟಬಯಲಾಯಿತು. ಕಟ್ಟಡ ಉದ್ಯಮಿಗಳೊಂದಿಗೆ ಸಭೆ ನಡೆದ ಬೆನ್ನಿಗೇ ರಾಜ್ಯ ಸರ್ಕಾರ ವಲಸೆ ಕಾರ್ಮಿಕರ ಶ್ರಮಿಕ ರೈಲುಗಳನ್ನು ರದ್ದು ಮಾಡಿತು. ಟೀಕೆ ಎದ್ದ ಮೇಲೆ ಮತ್ತೆ ಬಿಟ್ಟಿತು. ಊರಿಗೆ ಹೋಗುತ್ತೇನೆ ಎನ್ನುವ ಸ್ವಾತಂತ್ರ್ಯವೇ ಇಲ್ಲದವನು ಕೂಲಿ ಹೆಚ್ಚಿಸು ಎಂದು ಹೇಗೆ ಕೇಳಿಯಾನು?

ಇದಕ್ಕೆ ಮದ್ದು 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲೇ ಇತ್ತು. ಒಂದೇ ಬಗೆಯ ಕೆಲಸಕ್ಕೆ ಸ್ಥಳೀಯರಷ್ಟೇ ಕೂಲಿ, ಗುತ್ತಿಗೆದಾರನಿಗೆ ಲೈಸೆನ್ಸ್, ಕಾರ್ಮಿಕನಿಗೆ ಪ್ರಯಾಣ ಭತ್ಯೆ, ವಸತಿ ಎಂದು ಅದು ಹೇಳಿತ್ತು. ಈ ನಿಯಮ ಸೈಟಿಗೆ ಇಳಿದಿದ್ದರೆ ಹೊರಗಿನವನನ್ನು ಅಗ್ಗಕ್ಕೆಂದು ತರುವ ಆಸೆಯೇ ಸಾಯುತ್ತಿತ್ತು. ಸ್ಥಳೀಯನಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಇಲ್ಲ. 2024ರ ಮಸೂದೆ ಹುಟ್ಟಿದೂರನ್ನೂ ವಾಸದ ವರ್ಷಗಳನ್ನೂ ಎಣಿಸಿತು, ಕೂಲಿಯನ್ನು ಕೇಳಲಿಲ್ಲ. ಅದರ ಮೂಲ ದೋಷ ಇದು. ಹರಿಯಾಣದ ಶೇ 75ರ ಸ್ಥಳೀಯ ಮೀಸಲಾತಿ ಕಾಯ್ದೆಯನ್ನು ಅಲ್ಲಿಯ ಹೈಕೋರ್ಟ್ 2023ರ ನವೆಂಬರಿನಲ್ಲಿ ಹೊಡೆದುಹಾಕಿದ್ದೂ ಕಣ್ಣೆದುರಿಗಿತ್ತು.

ನಮ್ಮವರೂ ವಲಸೆ ಹೋಗುವವರೇ ಎಂಬುದನ್ನು ಮರೆಯಬಾರದು. ಮಳೆ ಕೈಕೊಟ್ಟರೆ ಜಗಳೂರು, ಹರಪನಹಳ್ಳಿ ಕಡೆಯವರು ಮಲೆನಾಡಿನ ಕಾಫಿ ತೋಟಗಳಿಗೂ ಬೆಂಗಳೂರಿಗೂ ಗಂಟುಮೂಟೆ ಕಟ್ಟುತ್ತಾರೆ. ಅಲ್ಲಿ ಅವರಿಗೆ ಯಾವ ಮರ್ಯಾದೆ ಬೇಕೆನ್ನುತ್ತೇವೋ ಅದೇ ಮರ್ಯಾದೆಯನ್ನು ಇಲ್ಲಿ ಬಂದವರಿಗೂ ಕೊಡಬೇಕು.

ದಾವಣಗೆರೆಯ ಮಿಲ್ ಕಾರ್ಮಿಕರು ಕಾಮ್ರೇಡ್ ಪಂಪಾಪತಿಯವರಂಥ ನಾಯಕರ ಹಿಂದೆ ಸಂಘ ಕಟ್ಟಿದ್ದರು, ಅವರನ್ನು ವಿಧಾನಸಭೆಗೂ ಕಳಿಸಿದರು. ಆ ಪಾಠ ಇಂದಿಗೂ ಹಳತಾಗಿಲ್ಲ. ಮಸೂದೆ ಮತ್ತೆ ಬರುವುದಾದರೆ ಕನ್ನಡ ಕಲಿಕೆಯೂ ತರಬೇತಿಯೂ ಅದರಲ್ಲಿರಲಿ. ಅವುಗಳಿಗಿಂತ ಮೊದಲು, ಸೈಟಿನಲ್ಲಿರುವ ಪ್ರತಿಯೊಬ್ಬನಿಗೂ ಸಮ ಕೂಲಿ, ಅದನ್ನು ಹೋಗಿ ನೋಡುವ ಕಾರ್ಮಿಕ ಇನ್‌ಸ್ಪೆಕ್ಟರ್, ಇಲ್ಲಿಯವರೂ ಬಂದವರೂ ಒಟ್ಟಿಗೆ ಸೇರಬಹುದಾದ ಸಂಘದ ಹಕ್ಕು ಇರಲಿ. ಇವು ಮೂರೂ ಇಲ್ಲದ ಮೀಸಲಾತಿ ದಾವಣಗೆರೆಯ ಗಾರೆಯವನ ದಿನಗೂಲಿಗೆ ಒಂದು ರೂಪಾಯಿಯನ್ನೂ ಸೇರಿಸಲಾರದು.